ಜರ್ಮನ್ನಿನ "ಡೊಖ್" ಎಂದರೆ ಬರೀ "ಆದರೆ" ಅಲ್ಲ: ಕೌಂಟರಿನಲ್ಲಿ "ನೈನ್" ಎಂದು ವಾಪಸು ಬಂದ ಮೇಡಂ ಅವರಿಗೆ ಉತ್ತರ

ಮೇಡಂ, ನಮಸ್ಕಾರ. ಚರ್ಮವೈದ್ಯರ ಕೌಂಟರಿನಲ್ಲಿ "ಹಾಬೆನ್ ಝೀ ಕೈನೆ ಯೂಬರ್‌ವೈಝುಂಗ್?" (ಬೇರೆ ವೈದ್ಯರು ಕಳಿಸಿಕೊಟ್ಟ ಚೀಟಿ ಇಲ್ಲವೇ?) ಎಂದು ಅಲ್ಲಿದ್ದಾಕೆ ಕೇಳಿದಾಗ ನೀವು "ನೈನ್, ನೈನ್" (ಇಲ್ಲ, ಇಲ್ಲ) ಎಂದಿರಿ, ಹೌಸ್‌ಆರ್ಟ್ಸ್ಟ್ (ಕುಟುಂಬ ವೈದ್ಯರು) ಬರೆದುಕೊಟ್ಟ ಚೀಟಿ ನಿಮ್ಮ ಚೀಲದಲ್ಲೇ ಇದ್ದರೂ ಅದನ್ನು ತೆಗೆಯುವಷ್ಟರಲ್ಲಿ ಆಕೆ "ಚೀಟಿ ತೆಗೆದುಕೊಂಡು ಬನ್ನಿ" ಎಂದು ಹೇಳಿ ಮುಂದಿನವರನ್ನು ಕರೆದರು, ಇದು ಒರಟುತನವಲ್ಲವೇ ಎಂದು ಕೇಳಿದ್ದೀರಿ. ಆಕೆ ಒರಟಾಗಿ ನಡೆದುಕೊಂಡರೆಂದು ನನಗೆ ಅನ್ನಿಸುವುದಿಲ್ಲ. ಚೀಟಿ ಇಲ್ಲವೆಂದು ನೀವೇ ಎರಡು ಸಲ ಹೇಳಿದಿರಿ, ಆಕೆ ಅದನ್ನು ನಂಬಿದರು. ಅಲ್ಲಿ ಹೇಳಬೇಕಾಗಿದ್ದ ಪದ "ಡೊಖ್". ಇಷ್ಟು ಉದ್ದ ಬರೆಯುತ್ತಿರುವುದಕ್ಕೆ ಕಾರಣವೆಂದರೆ ಇದೇ ತಪ್ಪನ್ನು ನಾನೂ ಮಾಡಿದ್ದೇನೆ, ಅದಕ್ಕೆ ನಿಮಗಿಂತ ಹೆಚ್ಚಿನ ಬೆಲೆಯನ್ನೂ ಕೊಟ್ಟಿದ್ದೇನೆ.

ಜರ್ಮನಿಗೆ ಬಂದ ಮೊದಲ ಚಳಿಗಾಲ. ವೀಸಾ ಮುಗಿಯುವುದಕ್ಕೆ ಇನ್ನು ಸ್ವಲ್ಪವೇ ದಿನಗಳಿದ್ದವು. ಸರ್ಕಾರಿ ಕಚೇರಿಯೊಂದರಲ್ಲಿ ಬಹಳ ಕಷ್ಟಪಟ್ಟು ಸಮಯ ಗೊತ್ತುಮಾಡಿಸಿಕೊಂಡು, ಅದರ ಮುದ್ರಿತ ಪ್ರತಿಯನ್ನು ಕೋಟಿನ ಒಳಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ಬಾಗಿಲಲ್ಲಿ ಕುಳಿತಿದ್ದವರು ತಮ್ಮ ಪಟ್ಟಿಯಲ್ಲಿ ನನ್ನ ಹೆಸರು ಕಾಣದೆ "ಹಾಬೆನ್ ಝೀ ಕೈನೆನ್ ಟೆರ್ಮೀನ್?" (ಸಮಯ ಗೊತ್ತುಮಾಡಿಸಿಲ್ಲವೇ?) ಎಂದರು. ನನ್ನ ತಲೆಯಲ್ಲಿ ಓಡಿದ್ದು ಅಚ್ಚ ಕನ್ನಡ: "ಇಲ್ಲ, ಇದೆಯಲ್ಲ." ಬಾಯಿಂದ ಬಂದದ್ದು ಅದರ ಮೊದಲ ಪದ ಮಾತ್ರ, "ನೈನ್". ಉಳಿದರ್ಧವನ್ನು ಜರ್ಮನ್ನಿನಲ್ಲಿ ಕಟ್ಟುವುದಕ್ಕೆ ಆಕ್ಕುಸಾಟಿವ್ (ದ್ವಿತೀಯಾ ವಿಭಕ್ತಿ) ಹುಡುಕುತ್ತಿರುವಾಗ ಅವರು ನನ್ನ ಹಿಂದೆ ನಿಂತಿದ್ದವರ ಕಡೆ ತಿರುಗಿಯಾಗಿತ್ತು. ಜೇಬಿನಿಂದ ಕಾಗದ ತೆಗೆದು ಮತ್ತೆ ಸಾಲಿನ ಕೊನೆಗೆ ನಿಂತು ಬರುವಷ್ಟರಲ್ಲಿ ನನ್ನ ಸಮಯ ಮೀರಿ ಹೋಗಿತ್ತು. ಹೊಸ ದಿನ ಸಿಕ್ಕಿದ್ದು 6 ವಾರಗಳ ನಂತರ. ಆ 6 ವಾರ ಊರಿಗೆ ಹೋಗಿಬರುವ ಯೋಚನೆಯನ್ನೂ ಮಾಡುವಂತಿರಲಿಲ್ಲ, ಮನೆಯಲ್ಲಿ ತಂಗಿಯ ನಿಶ್ಚಿತಾರ್ಥವಿತ್ತು. ಆದ್ದರಿಂದ ಈ ಗುಂಪಿನಲ್ಲಿ ಯಾರಾದರೂ "ಡೊಖ್ ಅಷ್ಟೇನೂ ಮುಖ್ಯವಲ್ಲ, ಬಿ1 (ಭಾಷೆಯ ಮಧ್ಯಮ ಹಂತ) ಆದ ಮೇಲೆ ನೋಡಿಕೊಂಡರಾಯಿತು" ಎಂದಾಗ ನನಗೆ ನಿಜವಾಗಿಯೂ ಬೇಸರವಾಗುತ್ತದೆ. ಅದನ್ನು ಮೊದಲ ತಿಂಗಳಲ್ಲೇ ಕಲಿಯಬೇಕು.

ತಪ್ಪು ಎಲ್ಲಿಂದ ಬರುತ್ತದೆ ಎಂಬುದನ್ನು ನೋಡಿ. "ಊಟ ಆಗಿಲ್ವಾ?" ಎಂದು ಯಾರಾದರೂ ಕೇಳಿದರೆ, ಆಗದಿದ್ದಾಗ ನಾವು "ಹೌದು, ಆಗಿಲ್ಲ" ಎನ್ನಬಹುದು, ಆಗಿದ್ದರೆ "ಇಲ್ಲ, ಆಯ್ತು" ಎನ್ನಬಹುದು. ಅಲ್ಲಿ ನಮ್ಮ ಹೌದು ಮತ್ತು ಇಲ್ಲ ಎರಡೂ ಕೇಳಿದವರ ಊಹೆಗೆ ಕೊಟ್ಟ ಉತ್ತರ. ನಿಮ್ಮ ಊಹೆ ಸರಿ, ನಿಮ್ಮ ಊಹೆ ತಪ್ಪು ಎಂದು ಹೇಳಿದಂತೆ. ಜರ್ಮನ್ನಿನ "ನೈನ್" ಊಹೆಯನ್ನು ನೋಡುವುದೇ ಇಲ್ಲ, ಸಂಗತಿಯನ್ನು ಮಾತ್ರ ನೋಡುತ್ತದೆ: ಚೀಟಿ ಇಲ್ಲ ಎಂದರೆ ನೈನ್, ಪ್ರಶ್ನೆ ಯಾವ ರೂಪದಲ್ಲಿದ್ದರೂ ನೈನ್. ಹಾಗಾದರೆ "ಇಲ್ಲ ಎಂದುಕೊಂಡಿದ್ದೀರಿ, ಆದರೆ ಇದೆ" ಎನ್ನುವುದಕ್ಕೆ ಬೇರೊಂದು ಪದ ಬೇಕಾಗುತ್ತದೆ, ಅದೇ ಡೊಖ್. ಫ್ರೆಂಚರು ಇದೇ ಕೆಲಸಕ್ಕೆ "ಸಿ" ಎನ್ನುತ್ತಾರೆ, ಸ್ವೀಡನ್ನಿನವರು "ಯೂ" ಎನ್ನುತ್ತಾರೆ. ನಮ್ಮಲ್ಲಿ ಇದಕ್ಕೆಂದೇ ಮೀಸಲಾದ ಪದವಿಲ್ಲ, ನಾವು ಕ್ರಿಯಾಪದವನ್ನೇ ತಿರುಗಿ ಹೇಳಿ ("ಬರೋದಿಲ್ವಾ?" "ಬರ್ತೀನಿ") ಕೆಲಸ ಮುಗಿಸುತ್ತೇವೆ. ಈ ನಮ್ಮ ಅಭ್ಯಾಸ ಒಳ್ಳೆಯದು, ಬಿಡಬೇಡಿ. "ಡೊಖ್, ಇಶ್ ಹಾಬೆ ಐನೆನ್" (ಇದೆ, ನನ್ನ ಹತ್ತಿರ ಒಂದಿದೆ) ಎಂದು ಪೂರ್ತಿ ಹೇಳಿದರೆ, ಗಾಬರಿಯಲ್ಲಿ ಮೊದಲ ಪದ ತಪ್ಪಿದರೂ ಉಳಿದ ವಾಕ್ಯ ನಿಮ್ಮನ್ನು ಕಾಪಾಡುತ್ತದೆ. ಮೇಲೆ ಒಬ್ಬ ಸರ್ "ಯಾ (ಹೌದು) ಅಂದುಬಿಡಿ, ಅರ್ಥ ಮಾಡಿಕೊಳ್ಳುತ್ತಾರೆ" ಎಂದು ಸಲಹೆ ಕೊಟ್ಟಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಕಾರದ ಪ್ರಶ್ನೆಗೆ ಬರೀ "ಯಾ" ಎಂದರೆ ಕೇಳಿದವರಿಗೆ ಯಾವುದಕ್ಕೆ ಯಾ ಎಂಬುದು ತಿಳಿಯುವುದಿಲ್ಲ, ಮತ್ತೊಮ್ಮೆ ಕೇಳುತ್ತಾರೆ, ನೀವು ಮತ್ತಷ್ಟು ಗಾಬರಿಯಾಗುತ್ತೀರಿ.

ಅಭ್ಯಾಸಕ್ಕೆ ಬೇಕರಿಗಿಂತ ಒಳ್ಳೆಯ ಜಾಗವಿಲ್ಲ. "ಝೊನ್ಸ್ಟ್ ನಿಶ್ಟ್ಸ್ ಮೇರ್?" (ಇನ್ನೇನೂ ಬೇಡವೇ?) ಎಂದು ಕೇಳಿದರೆ, ಇನ್ನೂ ಬೇಕಿದ್ದಾಗ "ಡೊಖ್, ನೊಖ್ ತ್ಸ್ವೈ ಬ್ರೆತ್ಸೆಲ್ನ್, ಬಿಟೆ" (ಬೇಕು, ಇನ್ನೆರಡು ಬ್ರೆತ್ಸೆಲ್ ಕೊಡಿ). "ಬ್ರೌಖೆನ್ ಝೀ ಕೈನೆ ಟ್ಯೂಟೆ?" (ಚೀಲ ಬೇಡವೇ?) ಎಂದು ಕೇಳಿದರೆ, ಚೀಲ ಬೇಕಿದ್ದಾಗ "ಡೊಖ್, ಬಿಟೆ." ರೈಲಿನಲ್ಲಿ ಟಿಕೆಟ್ ತೆಗೆಯಲು ತಡವಾಗಿ "ಹಾಬೆನ್ ಝೀ ಕೈನ್ ಟಿಕೆಟ್?" ಎಂದಾಗ "ಡೊಖ್, ಮೊಮೆಂಟ್." ಕೈನ್, ನಿಶ್ಟ್, ನೀ, ನೀಮಾಂಟ್, ನೊಖ್ ನಿಶ್ಟ್ ಎಂಬ ನಕಾರದ ಪದಗಳಲ್ಲಿ ಯಾವುದಾದರೂ ಕಿವಿಗೆ ಬಿದ್ದ ಕೂಡಲೇ ಎಚ್ಚರವಾಗಬೇಕು. ಆದರೆ ವಾಕ್ಯದ ಕೊನೆಗೆ ಅಂಟಿಸುವ "ನಿಶ್ಟ್ ವಾರ್?" ಇದಕ್ಕೆ ಸೇರುವುದಿಲ್ಲ, ಅದು ನಮ್ಮ "ಅಲ್ವಾ?" ಇದ್ದ ಹಾಗೆ, ಒಪ್ಪಿಗೆಯಿದ್ದರೆ ಯಾ ಎಂದರೆ ಸಾಕು. "ಉನ್" ಹತ್ತಿದ ಗುಣವಾಚಕಗಳೂ ಸೇರುವುದಿಲ್ಲ: "ಇಸ್ಟ್ ಎರ್ ಉನ್‌ಗ್ಲ್ಯುಕ್ಲಿಶ್?" (ಅವನು ದುಃಖದಲ್ಲಿದ್ದಾನಾ?) ಎಂದು ಕೇಳಿದಾಗ ಅವನು ಸಂತೋಷವಾಗಿದ್ದರೆ ಉತ್ತರ ನೈನ್, ಡೊಖ್ ಅಲ್ಲ. ಇನ್ನೊಂದು ಎಚ್ಚರಿಕೆಯೆಂದರೆ, ಬರೀ "ಡೊಖ್!" ಎಂದು ಗಟ್ಟಿಯಾಗಿ ಒಗೆದರೆ ಮಕ್ಕಳ ಜಗಳದಂತೆ ಕೇಳಿಸುತ್ತದೆ. ಫ್ರೆಂಚ್ ಹಾಸ್ಯನಟ ಲೂಯಿ ದ ಫ್ಯುನೆಸ್‌ನ ಜರ್ಮನ್ ಡಬ್ಬಿಂಗಿನ "ನೈನ್! ಡೊಖ್! ಓ!" ಎಂಬ ಮೂರು ಮಾತನ್ನು ಇಲ್ಲಿ ಇಂದಿಗೂ ಜನ ಹೇಳಿ ನಗುತ್ತಾರೆ. ಕಚೇರಿಯಲ್ಲಿ "ಡೊಖ್, ನಾಟ್ಯೂರ್ಲಿಶ್" (ಇದೆ, ಖಂಡಿತ) ಅಥವಾ ಮೆತ್ತಗೆ "ಡೊಖ್, ಡೊಖ್" ಎಂದರೆ ಸೌಮ್ಯವಾಗಿರುತ್ತದೆ.

ಈಗ ಇನ್ನೊಬ್ಬರ ಸಲಹೆಗೆ ಬರುತ್ತೇನೆ. "ಡೊಖ್ ಎಂದರೆ ಆಬರ್, ಆದರೆ ಎಂದು ಬಾಯಿಪಾಠ ಮಾಡಿ, ಸಾಕು" ಎಂದು ಬರೆದಿದ್ದಾರೆ. ಆ ಅರ್ಥ ಇದೆ, ಅಲ್ಲವೆಂದು ಹೇಳುವುದಿಲ್ಲ: "ಇಶ್ ವಾರ್ ಮ್ಯೂಡೆ, ಡೊಖ್ ಇಶ್ ಕೊಂಟೆ ನಿಶ್ಟ್ ಶ್ಲಾಫೆನ್" (ಸುಸ್ತಾಗಿತ್ತು, ಆದರೆ ನಿದ್ದೆ ಮಾಡಲಾಗಲಿಲ್ಲ). "ಡೊಖ್ ಕೊಂಟೆ ಇಶ್" ಎಂದು ತಿರುಗಿಸಿದರೂ ಸರಿಯೇ, ಎರಡಕ್ಕೂ ಮುಂಚೆ ಅಲ್ಪವಿರಾಮ ಬೇಕು, ಪರೀಕ್ಷೆಯಲ್ಲಿ ಅದನ್ನು ಮರೆಯಬೇಡಿ. ಆದರೆ ಇದು ಹೆಚ್ಚಾಗಿ ಬರಹದಲ್ಲಿ ಕಾಣುವ ಬಳಕೆ. ಬೀದಿಯಲ್ಲಿ, ಅಡುಗೆಮನೆಯಲ್ಲಿ, ಸಹೋದ್ಯೋಗಿಗಳ ನಡುವೆ ನಿಮ್ಮ ಕಿವಿಗೆ ಬೀಳುವ ಡೊಖ್‌ಗಳಲ್ಲಿ ಹೆಚ್ಚಿನವು ವಾಕ್ಯದ ನಡುವೆ ಸದ್ದಿಲ್ಲದೆ ಕುಳಿತು ಮಾತಿನ ಭಾವವನ್ನು ತಿಳಿಸುವ ಪುಟ್ಟ ಪದಗಳು, ಅಂದರೆ ಮೋಡಾಲ್‌ಪಾರ್ಟಿಕೆಲ್‌ಗಳು. ಅವುಗಳಿಗೆ "ಆದರೆ" ಹಚ್ಚಿದರೆ ವಾಕ್ಯವೇ ಕೆಡುತ್ತದೆ.

ನನಗೆ ಫಲ ಕೊಟ್ಟ ವಿಧಾನ ಒಂದೇ, ಅದನ್ನು ವಿವರವಾಗಿ ಹೇಳುತ್ತೇನೆ. ಒಂದು ನೋಟುಪುಸ್ತಕ ಇಟ್ಟುಕೊಂಡು, ಕೇಳಿದ ಪ್ರತಿಯೊಂದು ಡೊಖ್ ವಾಕ್ಯವನ್ನೂ ಬರೆದು, ಅದರ ಪಕ್ಕದಲ್ಲಿ ಅದೇ ಮಾತನ್ನು ನನ್ನ ಅಮ್ಮ ಹೇಗೆ ಹೇಳುತ್ತಿದ್ದರು ಎಂದು ಮಾತಿನ ಕನ್ನಡದಲ್ಲಿ ಬರೆಯುತ್ತಿದ್ದೆ. ಗ್ರಂಥಸ್ಥ ಕನ್ನಡದಲ್ಲಿ ಬರೆದರೆ ಉಪಯೋಗವಿಲ್ಲ. ಹಾಗೆ ಬರೆದಾಗ ಕನ್ನಡ ವಾಕ್ಯಕ್ಕೆ ತಾನಾಗಿಯೇ ಒಂದು ಬಾಲ ಹುಟ್ಟುತ್ತದೆ, ಆ ಬಾಲವೇ ಡೊಖ್‌ನ ಅರ್ಥ. "ಡಾಸ್ ಹಾಬೆ ಇಶ್ ಡೀರ್ ಡೊಖ್ ಗೆಝಾಕ್ಟ್": "ನಿಂಗೆ ಹೇಳಿದ್ನಲ್ಲ." "ಡು ಕೆನ್ಸ್ಟ್ ಈನ್ ಡೊಖ್": "ಅವನು ನಿಂಗೆ ಗೊತ್ತಲ್ಲ." "ಡು ಕೊಮ್ಸ್ಟ್ ಡೊಖ್?" ಎಂದು ಕೊನೆಯಲ್ಲಿ ದನಿ ಏರಿಸಿದರೆ "ಬರ್ತೀಯ ತಾನೆ?" "ವೀ ಹೈಸ್ಟ್ ಎರ್ ಡೊಖ್ ಗ್ಲೈಶ್?" ಎಂದರೆ ಹೆಸರು ನಾಲಿಗೆಯ ತುದಿಯಲ್ಲಿದ್ದು ಹೊರಬಾರದಿದ್ದಾಗ ನಾವು ಹೇಳುವ "ಏನಪ್ಪಾ ಅವನ ಹೆಸರು?" "ಹೆಟೆ ಇಶ್ ಡೊಖ್ ಮೇರ್ ಗೆಲೆರ್ಂಟ್!" ಎಂದರೆ "ಇನ್ನೂ ಸ್ವಲ್ಪ ಓದಿದ್ದಿದ್ರೆ!" ಇಷ್ಟು ಬಾಲಗಳನ್ನು ಹುಟ್ಟಿನಿಂದಲೇ ಕಿವಿಯಲ್ಲಿಟ್ಟುಕೊಂಡು ಬಂದಿರುವ ನಾವು ಮತ್ತೊಂದು ಭಾಷೆಯ ಮೂಲಕ ಸುತ್ತಿಕೊಂಡು ಡೊಖ್ ಕಲಿಯುವುದು ನಷ್ಟ. ನಮ್ಮವರಿಗೆ ಇದನ್ನು ಕಲಿಸುವ ತರಗತಿಗಳಲ್ಲಿ ಕನ್ನಡವನ್ನು ಬಾಯಿಂದ ತೆಗೆಯಲೂ ಬಿಡುವುದಿಲ್ಲ ಎಂಬುದು ನನಗೆ ಬಹುದಿನದ ನೋವು.

ಈ ವಿಧಾನಕ್ಕೂ ಮಿತಿಯಿದೆ. ನಮ್ಮ "ಅಲ್ಲ" ಬಾಲವನ್ನು ಜರ್ಮನ್ನರು ಎರಡಾಗಿ ಸೀಳಿದ್ದಾರೆ. ಕೇಳುವವರು ಮರೆತಿದ್ದಾರೆ ಅಥವಾ ವಿರೋಧಿಸುತ್ತಿದ್ದಾರೆ ಎಂದಾದರೆ ಡೊಖ್. ಕಣ್ಣಿಗೆ ಬಿದ್ದದ್ದನ್ನು ಕಂಡು ನಮಗೇ ಅಚ್ಚರಿಯಾದರೆ ಯಾ: "ಮಳೆ ಬರ್ತಿದೆಯಲ್ಲ!" ಎಂದು ಕಿಟಕಿಯ ಬಳಿ ಉದ್ಗರಿಸುವಾಗ "ಎಸ್ ರೇಗ್ನೆಟ್ ಯಾ!" ಎನ್ನಬೇಕು. ಅದೇ ಮಳೆಯಲ್ಲಿ ಕೊಡೆಯಿಲ್ಲದೆ ಹೊರಟ ಮಗನಿಗೆ "ಮಳೆ ಬರ್ತಿದೆಯಲ್ಲೋ" ಎಂದು ತಡೆಯುವಾಗ "ಎಸ್ ರೇಗ್ನೆಟ್ ಡೊಖ್!" ಇದನ್ನು ಅರಿಯದೆ ನಾನು ಎರಡು ವರ್ಷ, ಸಹೋದ್ಯೋಗಿಯ ಹೊಸ ಶೂ ಕಂಡು ಮೆಚ್ಚುವಾಗಲೂ ಡೊಖ್ ಹಾಕುತ್ತಿದ್ದೆ, ಆತನಿಗೆ ಅದು ಆಕ್ಷೇಪದಂತೆ ಕೇಳುತ್ತಿತ್ತಂತೆ.

ಆಜ್ಞಾರ್ಥದಲ್ಲಿ ಡೊಖ್ ಬಂದರೆ ದನಿಯನ್ನು ನೋಡಬೇಕು. "ನೇಮೆನ್ ಝೀ ಡೊಖ್ ನೊಖ್ ಐನ್ ಶ್ಟುಕ್ ಕೂಖೆನ್" ಎಂಬುದು ನಮ್ಮ ಪಂಕ್ತಿಯಲ್ಲಿ "ಇನ್ನೊಂದು ಹಾಕಿಸ್ಕೊಳ್ಳಿ, ಸಂಕೋಚ ಬೇಡ" ಎಂದು ಮಾಡುವ ಉಪಚಾರ. "ಹ್ಯೋರ್ ಡೊಖ್ ಔಫ್!" ಎಂಬುದು "ಸಾಕು ಮಾಡೋ ಅಂದ್ರೆ!" ಎಂಬ ಸಿಡುಕು. ಹೊಸಬರು ಇದನ್ನು ಬಳಸುವಾಗ ಪಕ್ಕದಲ್ಲಿ "ಮಾಲ್" ಸೇರಿಸಿಕೊಳ್ಳುವುದು ಸುರಕ್ಷಿತ: "ಕೊಮೆನ್ ಝೀ ಡೊಖ್ ಮಾಲ್ ಫೊರ್‌ಬೈ", "ಒಂದ್ಸಲ ಬನ್ನಿ ನಮ್ಮನೆಗೆ". ಕ್ರಮ ಯಾವಾಗಲೂ ಡೊಖ್ ಮಾಲ್, ಮಾಲ್ ಡೊಖ್ ಅಲ್ಲ. ಸರ್ವನಾಮಗಳು ಡೊಖ್‌ಗೆ ಮುಂಚೆ ಬರುತ್ತವೆ: "ಇಶ್ ಹಾಬೆ ಎಸ್ ಡೀರ್ ಡೊಖ್ ಗೆಝಾಕ್ಟ್."

ಒತ್ತು ಬಿದ್ದರೆ ಮತ್ತೊಂದು ಅರ್ಥ. "ಎರ್ ಇಸ್ಟ್ ಡೊಖ್ ಗೆಕೊಮೆನ್" ಎಂಬಲ್ಲಿ ಡೊಖ್ ಮೇಲೆಯೇ ದನಿ ಬಿದ್ದರೆ "ಬರಲ್ಲ ಬರಲ್ಲ ಅಂದವನು ಬಂದೇ ಬಿಟ್ಟ", ದನಿ ಗೆಕೊಮೆನ್ ಮೇಲೆ ಬಿದ್ದರೆ "ಬಂದಿದ್ದನಲ್ಲ, ಮರೆತುಹೋಯ್ತಾ?" ಕ್ರಿಯಾಪದದಿಂದ ಆರಂಭವಾಗುವ ಪ್ರಶ್ನೆಯಲ್ಲಿ ಒತ್ತಿಲ್ಲದ ಡೊಖ್ ಬರುವುದಿಲ್ಲ. "ಕೊಮ್ಸ್ಟ್ ಡು ಡೊಖ್?" ಎಂದರೆ "ಹಾಗಾದ್ರೆ ಬರ್ತೀಯಾ ಈಗ?" ಎಂದಾಗುತ್ತದೆ, "ಬರ್ತೀಯ ತಾನೆ?" ಎಂದಾಗುವುದಿಲ್ಲ. ಕಾದಂಬರಿ ಓದುವವರಿಗೆ "ಎರ್ ಬ್ಲೀಬ್ ತ್ಸು ಹೌಝೆ, ವಾರ್ ಎರ್ ಡೊಖ್ ಕ್ರಾಂಕ್" ಎಂಬಂಥ ವಾಕ್ಯ ಸಿಗುತ್ತದೆ. ಕ್ರಿಯಾಪದ ಮುಂದೆ ಬಂದಿದ್ದರೂ ಅದು ಪ್ರಶ್ನೆಯಲ್ಲ, ಕಾಯಿಲೆಯಾಗಿದ್ದರಿಂದ ಮನೆಯಲ್ಲಿ ಉಳಿದನೆಂದು ಕಾರಣ ಹೇಳುವ ರೀತಿ. ಗುರುತಿಸಿದರೆ ಸಾಕು, ಮಾತಿನಲ್ಲಿ ಬಳಸಬೇಡಿ.

ಪತ್ರ ಬರೆಯುವವರಿಗೆ ಒಂದು ಮಾತು. ಮನೆ ಮಾಲೀಕರಿಗೋ ಕಚೇರಿಗೋ ಬರೆಯುವಾಗ "ಇಶ್ ಹಾಬೆ ಈನೆನ್ ಡೊಖ್ ಗೆಶ್ರೀಬೆನ್" ಎಂದು ಬರೆಯಬೇಡಿ. ಅದು "ಆಗಲೇ ಬರೆದಿದ್ನಲ್ರೀ" ಎಂದು ಬೆರಳು ತೋರಿಸಿದಂತಾಗುತ್ತದೆ. "ವೀ ಬೆರೈಟ್ಸ್ ಗೆಶ್ರೀಬೆನ್" (ಈಗಾಗಲೇ ಬರೆದಂತೆ) ಎಂದು ಬರೆದರೆ ವಿಷಯವೂ ಮುಟ್ಟುತ್ತದೆ, ಮರ್ಯಾದೆಯೂ ಉಳಿಯುತ್ತದೆ. "ಆದರೆ" ಎಂಬರ್ಥ ಬೇಕಾದಲ್ಲಿ "ಯೆಡೊಖ್" ಹೆಚ್ಚು ಗಂಭೀರವಾಗಿ ಕಾಣುತ್ತದೆ.

ನಿಘಂಟಿನ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ. ಈ ಪದಕ್ಕೆ ಡೂಡೆನ್ ಜಾಲತಾಣವನ್ನೇ ನೋಡಿ, ಅಲ್ಲಿ ಸಂಬಂಧಾವ್ಯಯ, ಕ್ರಿಯಾವಿಶೇಷಣ, ಪಾರ್ಟಿಕೆಲ್ ಎಂದು ಬೇರೆಬೇರೆಯಾಗಿ ಉದಾಹರಣೆಗಳಿವೆ. ಒಂದು ಪದಕ್ಕೆ ಒಂದೇ ಪದ ಕೊಡುವ ಜೇಬು ನಿಘಂಟು ಮತ್ತು ಅನುವಾದದ ಆ್ಯಪ್‌ಗಳನ್ನು ಡೊಖ್ ಮಟ್ಟಿಗೆ ಪಕ್ಕಕ್ಕಿಡಿ. ಕಿವಿ ಪಳಗುವುದಕ್ಕೆ ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚ ವೆಲ್ಲೆಯ ಉಚಿತ ಪಾಠಗಳು ಚೆನ್ನಾಗಿವೆ. ಅವುಗಳಲ್ಲಿನ ಸಂಭಾಷಣೆಯನ್ನು ನಿಲ್ಲಿಸಿ ನಿಲ್ಲಿಸಿ ಡೊಖ್ ಎಣಿಸಿ, ನೋಟುಪುಸ್ತಕ ತುಂಬಿಸಿ. ಉಚ್ಚಾರಣೆಯಲ್ಲಿ ನಮಗೊಂದು ಅನುಕೂಲವಿದೆ: ಒ ಮತ್ತು ಓ ನಮ್ಮಲ್ಲಿ ಬೇರೆ ಅಕ್ಷರಗಳು. ಡೊಖ್, ನೊಖ್ ಎರಡರಲ್ಲೂ ಹ್ರಸ್ವ. ಹೋಖ್ (ಎತ್ತರ) ಎಂಬಲ್ಲಿ ಮಾತ್ರ ದೀರ್ಘ. ಕೊನೆಯ ಖ್ ನಮ್ಮ ಮಹಾಪ್ರಾಣವಲ್ಲ, ಗಂಟಲಿನ ಬಳಿ ಗಾಳಿ ಉಜ್ಜಿ ಬರಬೇಕು. ಖ್ ಬದಲು ಕ್ ಹಾಕಿ ಡೊಕ್ ಎಂದುಬಿಟ್ಟರೆ ಹಡಗುಕಟ್ಟೆ ಎಂದುಕೊಂಡಾರು.

ಮೇಡಂ, ಚರ್ಮವೈದ್ಯರ ಬಳಿ ಮತ್ತೆ ಹೋಗುವಾಗ ಚೀಟಿಯನ್ನು ಚೀಲದಲ್ಲಿಡದೆ ಕೈಯಲ್ಲೇ ಹಿಡಿದುಕೊಂಡು ಹೋಗಿ. ಅದೇ ಪ್ರಶ್ನೆ ಬಂದರೆ "ಡೊಖ್, ಹೀರ್ ಇಸ್ಟ್ ಝೀ" (ಇದೆ, ಇಲ್ಲಿದೆ ನೋಡಿ) ಎಂದು ಹೇಳಿ ಕೌಂಟರಿನ ಮೇಲಿಡಿ. ಯೂಬರ್‌ವೈಝುಂಗ್ ಸ್ತ್ರೀಲಿಂಗ, ಆದ್ದರಿಂದ "ಎರ್" ಅಲ್ಲ, "ಝೀ".