ಸಲಹೆ ಯಾರದು, ತೀರ್ಮಾನ ಯಾರದು?

ಪ್ರಶ್ನೆ: 2008ರ ನವೆಂಬರ್ 26ರ ರಾತ್ರಿ ಮುಂಬೈ ಮೇಲೆ ಉಗ್ರರ ದಾಳಿ ಆದಾಗ ನಾನು ಅಲ್ಲಿನ ಫೋರ್ಟ್‌ನ ಒಂದು ಹೋಟೆಲಿನಲ್ಲಿ ಡ್ಯೂಟಿಯಲ್ಲಿದ್ದೆ. ಶಟರ್ ಎಳೆದು, ಲೈಟ್ ಆರಿಸಿ, ಬೆಳಗಿನ ತನಕ ನೆಲದ ಮೇಲೆ ಕೂತಿದ್ದೆವು. ಈಗಲೂ ಏನಾದರೂ ಆದರೆ ಟಿವಿಯಲ್ಲಿ ‘ಭದ್ರತಾ ಸಮಿತಿ’, ‘ಭದ್ರತಾ ಮಂಡಳಿ’ ಅಂತ ಹೇಳುತ್ತಾರೆ. ಎರಡೂ ಒಂದೇನಾ? ಕೊನೆಯ ಮಾತು ಯಾರದು?
– ಓದುಗರು, ಡೊಂಬಿವಲಿ

ಉತ್ತರ: ಒಂದೇ ಅಲ್ಲ. ಗೊಂದಲ ಆಗೋದು ಸಹಜ, ಎರಡರಲ್ಲೂ ಹೆಚ್ಚುಕಡಿಮೆ ಅವರೇ ಇರುತ್ತಾರಲ್ವಾ! ಪ್ರಧಾನಿ, ಜೊತೆಗೆ ರಕ್ಷಣೆ, ಗೃಹ, ಹಣಕಾಸು, ವಿದೇಶಾಂಗ ಸಚಿವರು. ಇವರು ಸಂಪುಟದ ಭದ್ರತಾ ಸಮಿತಿಯಾಗಿ, ಅಂದರೆ ಸಿಸಿಎಸ್ ಆಗಿ ಕೂತಾಗ ಆಗುವುದು ತೀರ್ಮಾನ. ಪಹಲ್ಗಾಮ್ ದಾಳಿಯ ಮರುದಿನ, 2025ರ ಏಪ್ರಿಲ್ 23ರಂದು, ಸಿಂಧೂ ಜಲ ಒಪ್ಪಂದವನ್ನು ತಡೆಹಿಡಿದದ್ದು ಈ ಸಮಿತಿಯೇ.

ರಾಷ್ಟ್ರೀಯ ಭದ್ರತಾ ಮಂಡಳಿಯ ಕೆಲಸ ಸಲಹೆ. ಪೋಖ್ರಾನ್ ಅಣು ಪರೀಕ್ಷೆ ನಡೆದ 1998ರಲ್ಲೇ ವಾಜಪೇಯಿ ಸರ್ಕಾರ ಇದನ್ನು ಕಟ್ಟಿತು. ಬ್ರಜೇಶ್ ಮಿಶ್ರಾ ಮೊದಲ ರಾಷ್ಟ್ರೀಯ ಭದ್ರತಾ ಸಲಹೆಗಾರರಾದರು. ಮಂಡಳಿಯ ಕೈಕೆಳಗೆ ಎರಡು ಗುಂಪುಗಳಿವೆ. ಒಂದರಲ್ಲಿ ಇಲಾಖೆಗಳ ಕಾರ್ಯದರ್ಶಿಗಳು, ಸೇನಾ ಮುಖ್ಯಸ್ಥರು, ಗುಪ್ತಚರ ಸಂಸ್ಥೆಗಳ ಮುಖ್ಯಸ್ಥರು. ಇನ್ನೊಂದರಲ್ಲಿ ಸರ್ಕಾರದ ಹೊರಗಿನ ಅನುಭವಿಗಳು. ದಿನದಿನದ ಕೆಲಸಕ್ಕೆ ಬೇರೆಯೇ ಕಚೇರಿ ಇದೆ.

ಮೊದಲು ಕಾರ್ಯದರ್ಶಿಗಳ ಗುಂಪಿಗೆ ಸಂಪುಟ ಕಾರ್ಯದರ್ಶಿ ಅಧ್ಯಕ್ಷರಾಗಿದ್ದರು. 2018ರಲ್ಲಿ ಆ ಕುರ್ಚಿ ಭದ್ರತಾ ಸಲಹೆಗಾರರಿಗೆ ಬಂತು. ನನ್ನ ಪ್ರಕಾರ ಇದು ಸಣ್ಣ ಬದಲಾವಣೆ ಅಲ್ಲ. ಸಲಹೆಗಾರರನ್ನು ಯಾರೂ ಓಟು ಹಾಕಿ ಆರಿಸಿಲ್ಲ. ಮಂಡಳಿ ಹುಟ್ಟಿದ್ದೂ ಸರ್ಕಾರದ ನಿರ್ಣಯದಿಂದ, ಸಂಸತ್ತಿನ ಕಾಯ್ದೆಯಿಂದಲ್ಲ. ಸಂಸತ್ತಿಗೆ ಉತ್ತರ ಕೊಡಬೇಕಾದವರು ಸಚಿವರೇ. ಅದಕ್ಕೇ ಸಹಿ ಸಿಸಿಎಸ್‌ನದೇ ಇರಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಇನ್ನು ನಿಮ್ಮ ಆ ರಾತ್ರಿಯ ಮಾತು. ಪೊಲೀಸ್ ವ್ಯವಸ್ಥೆ ರಾಜ್ಯದ್ದು. ಹಾಗಾಗಿ ಮೊದಲು ಎದುರು ನಿಂತವರು ಮುಂಬೈ ಪೊಲೀಸರು. ರಾಜ್ಯ ಕೇಳಿದ ಮೇಲೆ ಕೇಂದ್ರ ತನ್ನ ಕಮಾಂಡೊ ಪಡೆಯಾದ ಎನ್‌ಎಸ್‌ಜಿಯನ್ನು ಕಳಿಸಿತು. ಆದರೆ ಕಮಾಂಡೊಗಳು ಇದ್ದದ್ದು ಹರಿಯಾಣದ ಮಾನೇಸರದಲ್ಲಿ. ಅಲ್ಲಿಂದ ದಿಲ್ಲಿಗೆ ಬಂದು, ವಿಮಾನ ಹತ್ತಿ, ಮುಂಬೈಯಲ್ಲಿ ಇಳಿದು ದಾಳಿಗೆ ಸಿಕ್ಕಿದ್ದ ತಾಜ್ ಹೋಟೆಲ್ ಮುಟ್ಟುವಷ್ಟರಲ್ಲಿ ಬೆಳಗಾಗಿತ್ತು. ನೀವು ಶಟರ್ ಹಿಂದೆ ಕಾದ ಆ ರಾತ್ರಿ ಅವರು ಇನ್ನೂ ಬಂದು ಮುಟ್ಟಿರಲಿಲ್ಲ. 2009ರಲ್ಲಿ ಎನ್‌ಎಸ್‌ಜಿಯ ಒಂದು ತುಕಡಿಯನ್ನು ಮುಂಬೈಯಲ್ಲೇ ಇರಿಸಿದರು. ಈಗ ಅವರು ದಿಲ್ಲಿಯಿಂದ ವಿಮಾನ ಹತ್ತಿ ಬರಬೇಕಿಲ್ಲ.