ಇಳಕಲ್ ಸೀರೆ ಉಟ್ಟು ಖಾನಾವಳಿಗೆ ಹೋಗಬಾರದೇ?

ಓದುಗರ ಪತ್ರ, ಸಂಪಾದಕರ ಉತ್ತರ

"ಸಂಪಾದಕರಿಗೆ ನಮಸ್ಕಾರ. ನಾನು ಕಲಬುರಗಿಯಲ್ಲಿ ಹೈಸ್ಕೂಲ್ ಶಿಕ್ಷಕಿ. ತತ್ತಿಯನ್ನೂ ಮುಟ್ಟದ ಸಸ್ಯಾಹಾರಿ. ತಿಂಗಳಿಗೆ ಎರಡು ಶನಿವಾರ ಗೆಳತಿಯರ ಜೊತೆ ಹೊರಗೆ ಊಟ. ಉಡುವುದು ತೊಡುವುದು ನನಗೆ ಖುಷಿ: ಇಳಕಲ್ ಸೀರೆ, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ, ಬಿದರಿ ಓಲೆ, ಬಿದರಿ ಉಂಗುರ. ಹೀಗೆ ಸಿಂಗರಿಸಿಕೊಂಡು ಖಾನಾವಳಿಗೆ ಹೋಗೋಣ ಅಂದರೆ ಎಲ್ಲರೂ ನಗುತ್ತಾರೆ. ಕೆಫೆಗೆ ಹೋದರೆ ನನ್ನ ಪಾಲಿಗೆ ಬರುವುದು ಪನೀರ್ ಬರ್ಗರ್, ಕೊನೆಗೊಂದು ಎಗ್‌ಲೆಸ್ ಬ್ರೌನಿ. ಸಿಹಿ ಕಂಡರೆ ಬಿಡುವವಳಲ್ಲ ನಾನು, ಆದರೂ ಬೇಸರ ಬಂದಿದೆ. ಹೋದ ಸಂಚಿಕೆಯಲ್ಲಿ ನೀವು ಖಾನಾವಳಿಗಳನ್ನು ಹೊಗಳಿದಿರಿ. ಅಲ್ಲಿ ಹೆಣ್ಣುಮಕ್ಕಳು ಎಲ್ಲಿ ಕೂಡಬೇಕು ಅಂತ ಮಾತ್ರ ಬರೆಯಲಿಲ್ಲ. ನನ್ನಂಥವರಿಗೆ ಈ ಊರಲ್ಲಿ ಜಾಗ ಯಾವುದು?" (ಹೆಸರು ಬೇಡ ಎಂದಿದ್ದಾರೆ.)

ಅಕ್ಕೋರೆ, ಕೂಡುವ ಜಾಗದ ಮಾತು ಸರಿಯಾಗಿಯೇ ತಾಗಿದೆ. ಮಧ್ಯಾಹ್ನ ಒಂದರಿಂದ ಎರಡೂವರೆ ತನಕ ಖಾನಾವಳಿಯ ಬೆಂಚು ಗಂಡಸರದ್ದು. ಒಬ್ಬ ಉಣ್ಣುವಾಗಲೇ ಇನ್ನೊಬ್ಬ ಅವನ ಬೆನ್ನ ಹಿಂದೆ ನಿಂತಿರುತ್ತಾನೆ. ಕೆಫೆಯಲ್ಲಿ ಎರಡು ತಾಸು ಕೂತರೂ ಏಳಿ ಅನ್ನುವವರಿಲ್ಲ, ಶೌಚಾಲಯ ಚೊಕ್ಕ ಇರುತ್ತದೆ, ಮೇ ತಿಂಗಳ ಬಿಸಿಲಿಗೆ ಎಸಿ ಇರುತ್ತದೆ. ಇದನ್ನು ಒಪ್ಪಿದೆವು. ಹನ್ನೆರಡೂವರೆಗೆ, ಇಲ್ಲವೇ ರಾತ್ರಿ ಏಳೂವರೆಗೆ ಹೋದರೆ ಬೆಂಚೂ ಖಾಲಿ, ಹಂಚೂ ಆಗ ತಾನೇ ಕಾದಿರುತ್ತದೆ. ಕೆಫೆಯ ಪರವಾಗಿ ನಾವು ಆಡುವ ಮಾತು ಇಷ್ಟೇ. ಇನ್ನು ತಟ್ಟೆಗೆ ಬರೋಣ.

ಪನೀರ್ ಬರ್ಗರ್ ಅಂದರೇನು? ಮಾಂಸ ಇರಬೇಕಾದ ಕಡೆ ಮಾಂಸ ತೆಗೆದು, ಆ ಖಾಲಿ ಜಾಗದಲ್ಲಿ ಪನೀರ್ ಕೂರಿಸಿದ್ದು. ಅದನ್ನು ತಿನ್ನುವವರನ್ನು ಅಡುಗೆಮನೆ ಮೊದಲೇ ಲೆಕ್ಕಕ್ಕೆ ಹಿಡಿದಿರಲಿಲ್ಲ. ಬಂದರಲ್ಲಾ ಅಂತ ಏನೋ ಒಂದು ಹೊಂದಿಸಿದರು. ಜೋಳದ ರೊಟ್ಟಿಯ ತಟ್ಟೆಯಲ್ಲಿ ಅಂಥ ಖಾಲಿ ಜಾಗವೇ ಇಲ್ಲ. ಎರಡು ರೊಟ್ಟಿ, ಒಂದು ಕಾಯಿಪಲ್ಯ, ಒಂದು ಕಾಳುಪಲ್ಯ, ಬ್ಯಾಳಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ, ಮೆಂತೆ ತಪ್ಪಲು. ನಿಮ್ಮಂಥವರಿಗಾಗಿಯೇ ಕಟ್ಟಿದ ಊಟ ಇದು. ಬೋರ್ಡು ಮಾತ್ರ ಓದಿಕೊಂಡು ಒಳಗೆ ಹೋಗಿ: 'ಸಾವಜಿ' ಅಂತ ಇದ್ದರೆ ಅದು ಮಾಂಸದ ಖಾನಾವಳಿ.

ಒಳ್ಳೆಯ ಖಾನಾವಳಿ ಹೌದೋ ಅಲ್ಲವೋ ಅನ್ನುವುದನ್ನು ಮೊದಲ ರೊಟ್ಟಿಯೇ ಹೇಳುತ್ತದೆ. ಜೋಳದಲ್ಲಿ ಗೋಧಿಯ ಹಾಗೆ ಎಳೆದರೆ ಹಿಗ್ಗುವ ಅಂಟು ಇಲ್ಲ. ಹಿಟ್ಟಿಗೆ ಕುದಿಯುವ ನೀರು ಬಿದ್ದಾಗ ಅದರ ಪಿಷ್ಟ ಬೆಂದು ಜಿಗಿ ಬರುತ್ತದೆ. ಬಡಿದಾಗ ರೊಟ್ಟಿ ಹರಡುವುದು ಆ ಜಿಗಿಯಿಂದ. ಅಂಚು ಸೀಳಿದ್ದರೆ ನೀರು ಕಾದಿರಲಿಲ್ಲ, ಇಲ್ಲವೇ ಹಿಟ್ಟು ಬೀಸಿ ಬಹಳ ದಿನ ಆಗಿದೆ. ಹಂಚಿಗೆ ಹಾಕಿದ ಕೂಡಲೇ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ. ಆ ನೀರು ಆರುವ ಹೊತ್ತಿಗೆ ಸರಿಯಾಗಿ ಮಗುಚಬೇಕು. ತಡವಾದರೆ ಮೇಲೆ ಬಿರುಕು ಬಿಟ್ಟು ಉಗಿ ಸೋರಿ ಹೋಗುತ್ತದೆ, ರೊಟ್ಟಿ ಉಬ್ಬುವುದಿಲ್ಲ. ಉಬ್ಬಿದ ರೊಟ್ಟಿಯನ್ನು ಎರಡು ಪದರ ಮಾಡಿ ಬಿಡಿಸಬಹುದು. ಮಾಲದಂಡಿ ಜೋಳದ್ದಾದರೆ ಒಳಪದರ ಬೆಳ್ಳಗೆ, ಮೆತ್ತಗೆ, ತುಸು ಸಿಹಿ. ಎರಡನೆಯದನ್ನು ಮೊದಲನೆಯದು ಮುಗಿದ ಮೇಲೆಯೇ ಕೇಳಿ. ಒಟ್ಟಿಗೆ ನಾಲ್ಕು ತಂದು ಒಂದರ ಮೇಲೊಂದು ಪೇರಿಸಿದರೆ ಕೆಳಗಿನದು ಬೆವತು ಚರ್ಮದಂತಾಗುತ್ತದೆ.

ಆಮೇಲೆ ಎಣ್ಣೆ ಬದನೆಕಾಯಿ ನೋಡಿ. ಸಣ್ಣ ಮುಳಗಾಯಿಯನ್ನು ತೊಟ್ಟು ಉಳಿಸಿ ನಾಲ್ಕು ಸೀಳು ಮಾಡಿ, ಹುರಿದ ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿ, ಹುಣಸೆ, ಬೆಲ್ಲ, ಮಸಾಲೆ ಖಾರ ಅರೆದು ತುಂಬಿ, ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸುತ್ತಾರೆ. ಬೆಂದಂತೆ ಶೇಂಗಾ, ಎಳ್ಳು ತಮ್ಮ ಎಣ್ಣೆ ಬಿಡುತ್ತವೆ. ಆ ಎಣ್ಣೆ ಕೆಂಪಗೆ ಪಲ್ಯದ ಅಂಚಿನಲ್ಲಿ ನಿಲ್ಲುತ್ತದೆ. ತೆಳು ಸಾರಿನ ಮೇಲೆ ತಿಳಿಯಾಗಿ ತೇಲುತ್ತಿದ್ದರೆ ಅದು ಮೇಲಿಂದ ಸುರಿದ ಎಣ್ಣೆ. ದೊಡ್ಡ ಹೋಟೆಲುಗಳ ಉಪಾಯ ಬೇರೆ: ಬದನೆಯನ್ನು ಎಣ್ಣೆಯಲ್ಲಿ ಕರಿದು, ಬೆಳಗ್ಗೆಯೇ ಮಾಡಿಟ್ಟ ಟೊಮೆಟೊ-ಗೋಡಂಬಿ ಗ್ರೇವಿಯಲ್ಲಿ ಮುಳುಗಿಸುವುದು. ಅದೇ ಗ್ರೇವಿಗೆ ಪನೀರ್ ಬಿದ್ದರೆ ಪನೀರ್ ಬಟರ್ ಮಸಾಲಾ, ಆಲೂ ಉಂಡೆ ಬಿದ್ದರೆ ಕೋಫ್ತಾ. ಸಸ್ಯಾಹಾರಿ ಪುಟದಲ್ಲಿ ಇಪ್ಪತ್ತು ಹೆಸರು ಇರುತ್ತವೆ, ಪಾತ್ರೆ ಒಂದೇ ಇರುತ್ತದೆ.

ಈಗ ಸಿಹಿ. ಬ್ರೌನಿಯ ಬಗ್ಗೆ ನಮಗೆ ಸಿಟ್ಟಿಲ್ಲ. ತತ್ತಿಯ ಬದಲು ಮೊಸರು, ಅಡುಗೆ ಸೋಡಾ ಹಾಕಿ ಮಾಡಿದ್ದು ಚೆನ್ನಾಗಿಯೇ ಇರುತ್ತದೆ. ಆದರೆ 'ಎಗ್‌ಲೆಸ್' ಅನ್ನುವ ಒಂದು ಮಾತಿಗೆ ನೀವು ನೆಮ್ಮದಿಯಾಗಿ ಕೂತುಬಿಟ್ಟಿದ್ದೀರಿ, ಅದು ಸಾಲದು. ಬೇಯಿಸದ ಚೀಸ್‌ಕೇಕ್, ಮೂಸ್, ಮಾರ್ಷ್‌ಮೆಲ್ಲೊ ಗಟ್ಟಿಯಾಗುವುದು ಹೆಚ್ಚಾಗಿ ಜೆಲಾಟಿನ್‌ನಿಂದ. ಜೆಲಾಟಿನ್ ಬರುವುದು ದನ, ಹಂದಿಗಳ ಚರ್ಮ ಮತ್ತು ಎಲುಬಿನಿಂದ. ಫಲೂದಾದೊಳಗಿನ ಜೆಲ್ಲಿಯೂ ಜೆಲಾಟಿನ್ ಆಗಿರಬಹುದು, ಚೈನಾ ಗ್ರಾಸ್ ಆಗಿರಬಹುದು. ಎರಡನೆಯದು ಕಡಲ ಪಾಚಿಯದು, ನಿಮಗೆ ನಡೆಯುತ್ತದೆ. ಕಣ್ಣಿಗೆ ಗೊತ್ತಾಗದು, ಕೇಳಲೇಬೇಕು. ಪೊಟ್ಟಣದ ಮಿಠಾಯಿಯ ಕೆಂಪು ಬಣ್ಣಕ್ಕೆ 120 ಅನ್ನುವ ಸಂಖ್ಯೆ ಬರೆದಿದ್ದರೆ ಅದು ಕಾರ್ಮೈನ್, ಕೀಟದಿಂದ ತೆಗೆದದ್ದು. ನಮ್ಮ ಮಿಠಾಯಿ ಅಂಗಡಿಯೂ ಪೂರ್ತಿ ನಿರ್ದೋಷಿ ಅಲ್ಲ. ಬರ್ಫಿಯ ಮೇಲಿನ ಬೆಳ್ಳಿ ವರಖನ್ನು ಹಿಂದೆ ದನದ ಕರುಳಿನ ಪದರಗಳ ನಡುವೆ ಇಟ್ಟು ಬಡಿಯುತ್ತಿದ್ದರು. 2016ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ವರಖು ತಯಾರಿಕೆಯ ಯಾವ ಹಂತದಲ್ಲೂ ಪ್ರಾಣಿಜನ್ಯ ವಸ್ತು ಕೂಡದು ಅಂತ ನಿಯಮ ಮಾಡಿತು. ಬಿಡಿಯಾಗಿ ಮಾರುವ ಸಿಹಿಯ ಟ್ರೇ ಮೇಲೆ 'ಈ ದಿನದೊಳಗೆ ತಿನ್ನಿ' ಅನ್ನುವ ತಾರೀಖು ಇರಬೇಕು ಅನ್ನುವುದು 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದ್ದ ಅದೇ ಪ್ರಾಧಿಕಾರದ ಆದೇಶ. ಎಷ್ಟು ಅಂಗಡಿಯಲ್ಲಿ ಆ ಚೀಟಿ ಕಾಣುತ್ತದೆ, ಶನಿವಾರ ಹೋದಾಗ ನೀವೇ ನೋಡಿ. ಖೋವಾದ ಸಿಹಿಗಳನ್ನಂತೂ ಈ ಊರಿನ ಬೇಸಿಗೆಯಲ್ಲಿ ಆ ದಿನವೇ ಮುಗಿಸಬೇಕು.

ಹೋಳಿಗೆಗೆ ಈ ಯಾವ ತನಿಖೆಯೂ ಬೇಡ. ಇದು ತೊಗರಿಯ ನಾಡು, 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಗುರುತು ಸಿಕ್ಕಿತು. ಆದರೂ ಹೂರಣಕ್ಕೆ ನಾವು ಹೆಚ್ಚಾಗಿ ನೆಚ್ಚಿದ್ದು ಕಡಲೆಬೇಳೆಯನ್ನೇ. ಒಂದು ಅಳತೆ ಬೇಳೆಗೆ ಒಂದು ಅಳತೆ ಬೆಲ್ಲ. ಬೇಳೆ ಹಿಚುಕಿದರೆ ಒಡೆಯಬೇಕು, ಕರಗಬಾರದು. ಕಟ್ಟನ್ನು ಪೂರ್ತಿ ಬಸಿಯಬೇಕು. ಅದರಿಂದ ಕಟ್ಟಿನ ಸಾರು ಬೇರೆ ಆಗುತ್ತದೆ. ಬಸಿಯುವುದರಲ್ಲಿ ಅವಸರ ಮಾಡಿದರೆ ಬೆಲ್ಲ ಬಿದ್ದ ಮೇಲೆ ಹೂರಣ ನೀರಾಗಿ, ಲಟ್ಟಿಸುವಾಗ ಕಣಕ ಹರಿದು ಹೊರಗೆ ಬಂದು ಹಂಚಿನ ಮೇಲೆ ಸೀದು ಹೋಗುತ್ತದೆ. ಬಿಸಿ ಇರುವಾಗಲೇ ಅರೆಯದಿದ್ದರೆ ಕಾಳುಕಾಳಾಗಿ ಉಳಿದು ಅದೂ ಕಣಕವನ್ನು ಹರಿಯುತ್ತದೆ. ಶೇಂಗಾ ಹೋಳಿಗೆಯ ಶತ್ರು ಮಿಕ್ಸರ್. ಹುರಿದ ಶೇಂಗಾವನ್ನು ನಿಲ್ಲಿಸಿ ನಿಲ್ಲಿಸಿ ತಿರುವದೆ ಒಂದೇ ಸಮ ಓಡಿಸಿದರೆ ಪುಡಿಯ ಬದಲು ಎಣ್ಣೆ ಬಿಟ್ಟ ಮುದ್ದೆ ಸಿಗುತ್ತದೆ. ಅಂಗಡಿಯಲ್ಲಿ ಕೊಳ್ಳುವಾಗ ಮೂಸಿ ನೋಡಿ: ಕಮಟು ವಾಸನೆ ಬಂದರೆ ಶೇಂಗಾ ಹಳತು, ಬೆಲ್ಲ ಅದನ್ನು ಮುಚ್ಚಲಾರದು. ಮಾದಲಿ (ಗೋಧಿ, ಬೆಲ್ಲದ ಪುಡಿ ಸಿಹಿ) ಸಿಕ್ಕರೆ ಬಿಡಬೇಡಿ. ಬಿಸಿ ಹಾಲು ಮೊದಲು, ತುಪ್ಪ ಆಮೇಲೆ. ಹೋಳಿಗೆ ಎಲ್ಲ ದಿನ ಸಿಗುವುದಿಲ್ಲ ಅನ್ನುವುದು ನಿಜ. ಅಮಾವಾಸ್ಯೆ, ಹಬ್ಬದ ದಿನ ನೋಡಿಕೊಂಡು ಹೋಗಿ, ಇಲ್ಲವೇ ಹಿಂದಿನ ದಿನ ಹೇಳಿಡಿ. ಹತ್ತು ಜನರ ಮಾತಿದ್ದರೆ ಯಾವ ಖಾನಾವಳಿಯೂ ಇಲ್ಲ ಅನ್ನುವುದಿಲ್ಲ.

ಉಡುಗೆಯ ವಿಚಾರದಲ್ಲಿ ನಿಮ್ಮ ಗೆಳತಿಯರಿಗೆ ಒಂದು ಸಾಕ್ಷಿ ಕೊಡಿ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದಿಂದ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಿಂದ, ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಮಾನಸೋಲ್ಲಾಸ ಅನ್ನುವ ಸಂಸ್ಕೃತ ಗ್ರಂಥ ಬರೆಸಿದಾಗ ಊಟದ ಭೋಗಕ್ಕೊಂದು ಅಧ್ಯಾಯ, ವಸ್ತ್ರದ ಭೋಗಕ್ಕೊಂದು ಅಧ್ಯಾಯ ಇಟ್ಟ. ಯಾವ ಕಾಲಕ್ಕೆ ಎಂಥ ಬಟ್ಟೆ ಅಂತ ಅದರಲ್ಲಿದೆ. ಮಂಡಿಗೆ, ಪೂರಿಯೂ ಇವೆ. (ಮಾಂಸದ ಅಡುಗೆಗಳೂ ಬೇಕಾದಷ್ಟಿವೆ, ಆದ್ದರಿಂದ ಅವನನ್ನು ನಮ್ಮ ಕಡೆಯವನು ಅಂತ ಎಳೆದುಕೊಳ್ಳುವ ಹಾಗಿಲ್ಲ.) ಉಣ್ಣುವುದನ್ನೂ ಉಡುವುದನ್ನೂ ಒಂದೇ ಸಾಲಿನಲ್ಲಿ ಇಟ್ಟ ನೆಲ ಇದು. ಇಲ್ಲಿ ಇಳಕಲ್ ಸೀರೆಗೆ ಕೆಫೆಯ ಪ್ಲಾಸ್ಟಿಕ್ ಕುರ್ಚಿ ಒಪ್ಪುತ್ತದೆ, ಖಾನಾವಳಿಯ ಬೆಂಚು ಒಪ್ಪುವುದಿಲ್ಲ ಅಂದರೆ ಏನು ಹೇಳೋಣ?

ಕಲೆಯಾಗುತ್ತದೆ ಅನ್ನುವ ಹೆದರಿಕೆಗೆ ಮಾತ್ರ ಉತ್ತರ ಕೊಡಬೇಕು. ಇಳಕಲ್‌ನ ಒಡಲು ಹತ್ತಿಯದಾದರೆ ಒಗೆದರೆ ಹೋಗುತ್ತದೆ. ಕಷ್ಟ ಕೊಡುವುದು ರೇಷ್ಮೆಯ ಸೆರಗು. ಸೆರಗನ್ನು ಎಡಸೊಂಟಕ್ಕೆ ಬಿಗಿದು ಕೂಡಿ, ಹೊಲದಲ್ಲಿ ಕೆಲಸ ಮಾಡುವವರು ಸಿಗಿಸುವ ಹಾಗೆ. ತುಪ್ಪ ಬಿದ್ದರೆ ನೀರು ಹಚ್ಚಬೇಡಿ. ಟಾಲ್ಕಂ ಪೌಡರ್ ಉದುರಿಸಿ ಒಂದು ತಾಸು ಬಿಟ್ಟು ಕೊಡವಿ, ಆಮೇಲೆ ಡ್ರೈಕ್ಲೀನಿಗೆ ಕೊಡಿ. ಹತ್ತಿಯ ಮೇಲೆ ಅರಿಶಿನದ ಕಲೆ ಸೋಪು ತಾಗಿದ ಕೂಡಲೇ ಕೆಂಪಾಗುತ್ತದೆ. ಬಹಳ ಜನ ಅಲ್ಲೇ ಗಾಬರಿಯಾಗಿ ಉಜ್ಜಿ ಉಜ್ಜಿ ಬಟ್ಟೆ ಹಾಳು ಮಾಡುತ್ತಾರೆ. ಕ್ಷಾರ ತಾಗಿದರೆ ಅರಿಶಿನ ಕೆಂಪಾಗುವುದು ಅದರ ಗುಣ. ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕಿ, ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಕಲಬುರಗಿಯಲ್ಲಿ ಬಿಸಿಲಿಗೇನು ಕೊರತೆ!

ಬಿದರಿ ಉಂಗುರವನ್ನು ಉಣ್ಣುವ ಕೈಯಿಂದ ತೆಗೆದು ಎಡಗೈಗೆ ಹಾಕಿಕೊಳ್ಳಿ. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಕೊರೆದು, ಬೆಳ್ಳಿ ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ಬಿಸಿ ನೀರಲ್ಲಿ ಅದ್ದಿದಾಗ ಲೋಹ ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆ ಕಪ್ಪು ಮೇಲ್ಪದರ ಅಷ್ಟೇ. ತಾಮ್ರದ ತಂಬಿಗೆ ತಿಕ್ಕಿದಂತೆ ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಕಪ್ಪು ಎದ್ದು ಬೂದು ಬಣ್ಣದ ಸತು ಕಾಣುತ್ತದೆ. ಎಣ್ಣೆ ಬದನೆಯಲ್ಲೂ ಹುಣಸೆ ಇದೆ ಅನ್ನುವುದು ನೆನಪಿರಲಿ. ಮನೆಗೆ ಬಂದು ಒಣ ಬಟ್ಟೆಯಲ್ಲಿ ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೆ ಸಾಕು. ಬೀದರಿನ ಬಿದರಿ ಕುಶಲಕರ್ಮಿ ಶಾ ರಶೀದ್ ಅಹಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಎಲ್ಲರೂ ಹೆಮ್ಮೆಪಟ್ಟರು, ಫೋಟೊ ಹಂಚಿಕೊಂಡರು. ಉಂಗುರ ಕೊಂಡು ಬೆರಳಿಗೆ ಹಾಕಿದವರು ಎಷ್ಟು ಜನ? ನೀವು ಹಾಕಿದಿರಿ. ಅದಕ್ಕೇ ನಿಮ್ಮ ಪತ್ರ ಈ ಪುಟಕ್ಕೆ ಬಂದದ್ದು.

ಮಾತು ಎಲ್ಲಿಗೋ ಹೋಗುತ್ತಿದೆ, ಹೋಗಲಿ. 2023 ವಿಶ್ವಸಂಸ್ಥೆಯ ಸಿರಿಧಾನ್ಯ ವರ್ಷ. ಆಮೇಲೆ ನಮ್ಮೂರಿನ ಮೆನುಗಳಲ್ಲೂ 'ಮಿಲೆಟ್ ಬೌಲ್' ಬಂತು, 'ಗ್ಲುಟೆನ್ ಫ್ರೀ ಫ್ಲ್ಯಾಟ್‌ಬ್ರೆಡ್' ಬಂತು. ಆ ಫ್ಲ್ಯಾಟ್‌ಬ್ರೆಡ್ ಎದುರಿನ ಓಣಿಯಲ್ಲಿ ಬಡಿಯುವ ರೊಟ್ಟಿಯೇ, ಬೆಲೆ ಮಾತ್ರ ನಾಲ್ಕು ಪಟ್ಟು. ಮೆನುವಿನಲ್ಲಿ ಕನ್ನಡದ ಒಂದು ಅಕ್ಷರ ಇಲ್ಲ, ಜೋಳ ಅನ್ನುವ ಮಾತಂತೂ ಇಲ್ಲವೇ ಇಲ್ಲ. ಇನ್ನೊಂದು ಕಡೆ ಮಹಿಳಾ ಸ್ವಸಹಾಯ ಸಂಘಗಳು ಬಡಿದ ರೊಟ್ಟಿ 'ಕಲಬುರಗಿ ರೊಟ್ಟಿ' ಅನ್ನುವ ಹೆಸರಲ್ಲಿ ಹೊರ ಊರುಗಳಿಗೆ ಹೋಗುತ್ತಿದೆ. ಹೊರಗಿನವರು ಹೆಸರು ಹಿಡಿದು ಕೇಳಿ ತರಿಸಿಕೊಳ್ಳುವುದನ್ನು ನಮ್ಮ ಮಕ್ಕಳು ಇಂಗ್ಲಿಷ್ ಹೆಸರಿಟ್ಟ ಮೇಲೆ ತಿನ್ನುತ್ತಾರೆ. ನಿಮ್ಮ ಶಾಲೆಯಲ್ಲಿ ಡಬ್ಬಿ ತೆರೆಯುವ ಹೊತ್ತಿಗೆ ಒಂದು ಸುತ್ತು ಹಾಕಿ ನೋಡಿ, ರೊಟ್ಟಿ ತಂದ ಹುಡುಗ ಯಾವ ಮೂಲೆಯಲ್ಲಿ ಕೂತಿರುತ್ತಾನೆ ಅಂತ. ಅವನ ಪಕ್ಕ ಕೂತು ಒಂದು ತುತ್ತು ಕೇಳಿ ಅಂತ ನಾವು ಹೇಳಿದರೆ ಅಕ್ಕೋರಿಗೆ ಪಾಠ ಹೇಳಿದಂತಾದೀತು, ಆದರೂ ಹೇಳಿದೆವು.

ಶೂ ವಿಚಾರ ಉಳಿಯಿತು. ಇಳಕಲ್‌ಗೆ ಕ್ಯಾನ್ವಾಸ್ ಶೂ ಚೆನ್ನಾಗಿಯೇ ಒಪ್ಪುತ್ತದೆ, ಸೀರೆಯನ್ನು ನಾಲ್ಕು ಬೆರಳು ಮೇಲೆ ಉಟ್ಟರೆ ಅಂಚೂ ಕಾಣುತ್ತದೆ. ಬಿಳಿಯದು ಮಾತ್ರ ಬೇಡ. ಖಾನಾವಳಿಯಲ್ಲಿ ಕೈ ತೊಳೆಯುವ ಕಡೆ ನೆಲ ಯಾವಾಗಲೂ ಒದ್ದೆ, ಆ ನೀರಲ್ಲಿ ಎಲ್ಲರ ಕೈಯ ಅರಿಶಿನವೂ ಇರುತ್ತದೆ. ಕಪ್ಪು ಶೂ ಹಾಕಿಕೊಂಡು ಹೋಗಿ, ಬಿದರಿಗೂ ಹೊಂದುತ್ತದೆ.