ಓದುಗರ ಪ್ರಶ್ನೆ: ಬಿಡ್ ಹಾಕಾಕ ಹೊಲ ಮಾರಬೇಕೇನ್ರೀ?

ಪ್ರಶ್ನೆ: ನಮಸ್ಕಾರ್ರೀ. ನಾ ಧಾರವಾಡ ಸಪ್ತಾಪುರದಾಕಿ. ನನ್ನ ಮಗಳು ಇಂಗ್ಲೆಂಡಿನ್ಯಾಗ 13 ವರ್ಷದಿಂದ ಅದಾಳ, ಅಲ್ಲೇ ಕಾಯಂ ಇರಾಕ ಪರವಾನಗಿ ಸಿಕ್ಕೈತಿ. ಗಂಡ ಬಿಟ್ಟು ಹೋದ ಮ್ಯಾಲೆ ಎರಡು ಮಕ್ಕಳನ್ನ ಕಟ್ಕೊಂಡು ಒಂದ ಬೆಡ್‌ರೂಮಿನ ಬಾಡಿಗಿ ಮನ್ಯಾಗ ಇದ್ದಾಳ, ಹುಡುಗಿಗೆ 11, ಹುಡುಗಗ 6. ಗ್ವಾಡಿ ಹಸಿ ಹಿಡದು ಕರೇ ಬೂಸ್ಟು ಬಂದೈತಂತ, ಸಣ್ಣಾವಗ ದಮ್ಮು. ಕೌನ್ಸಿಲ್ ಮನಿಗೆ ಅರ್ಜಿ ಹಾಕಿ ನಾಲ್ಕು ವರ್ಷ ಆತು. ಮೊನ್ನೆ ಫೋನ್ ಮಾಡಿದಾಗ 'ಈ ವಾರನೂ ಬಿಡ್ ಹಾಕಿದ್ನವ್ವಾ, ಸಿಗಲಿಲ್ಲ' ಅಂದ್ಲು. ಬಿಡ್ ಅಂದ್ರ ಹರಾಜಲ್ರೀ? ನವಲಗುಂದ ಕಡೆ ನನ್ನ ಪಾಲಿಗೆ ಬಂದ ಎರಡು ಎಕರೆ ಎರಿಹೊಲ ಐತಿ, ಅದನ್ನ ಮಾರಿ ರೊಕ್ಕ ಕಳಿಸಿದ್ರ ಆಕಿ ಹೆಚ್ಚಿಗಿ ಕೂಗಬಹುದಲ್ಲ? ಆಕಿಗೆ ಕೇಳಿದ್ರ 'ನಿನಗ ತಿಳಿಯಂಗಿಲ್ಲ ಬಿಡವ್ವಾ' ಅಂತಾಳ.

ಉತ್ತರ: ಅಕ್ಕಾರ, ಮೊದಲ ಮಾತು, ಹೊಲ ಮಾರಬ್ಯಾಡ್ರಿ. ನಿಮ್ಮ ಪತ್ರ ಓದಿದ ಕೂಡ್ಲೇ ನನಗ ಅದ ಹೆದರಿಕಿ ಆತು, ಇದು ಅಚ್ಚಾಗಿ ನಿಮ್ಮ ಕೈಗೆ ಬರೋದ್ರೊಳಗ ಎಲ್ಲಿ ದಲಾಲಿನ್ನ ಕರಸಿ ಬಿಡ್ತೀರೋ ಅಂತ. ಅಲ್ಲಿ ಬಿಡ್‌ಗೂ ರೊಕ್ಕಕ್ಕೂ ಸಂಬಂಧನ ಇಲ್ಲ.

ನಮ್ಮಲ್ಲಿ ಹುಡಾದವ್ರು, ಅಂದ್ರ ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರದವ್ರು, ಮೂಲಿ ಸೈಟು ಹರಾಜಿಗೆ ಇಟ್ರ ಮೊದಲ ಠೇವಣಿ ಕಟ್ಟಬೇಕು, ಆಮ್ಯಾಲೆ ಯಾರು ಹೆಚ್ಚಿಗಿ ಕೂಗ್ತಾರೋ ಅವ್ರದ ಸೈಟು. ಅದ ಶಬ್ದ ನಿಮ್ಮ ತಲ್ಯಾಗ ಕುಂತೈತಿ, ತಪ್ಪೇನಿಲ್ಲ. ಅಲ್ಲಿ ಕೌನ್ಸಿಲ್ ಅಂದ್ರ ನಮ್ಮ ಪಾಲಿಕೆ ಇದ್ದಂಗ, ಅದರ ಕೈಯಾಗ ಬಾಡಿಗಿಗೆ ಕೊಡೋ ಮನಿ ಇರ್ತಾವ, ಹೌಸಿಂಗ್ ಅಸೋಸಿಯೇಷನ್ ಅನ್ನೋ ಸಂಸ್ಥೆಗಳ ಮನಿನೂ ಬಹಳಷ್ಟು ಅದ ಪಟ್ಟಿಯಿಂದ ಹೋಗ್ತಾವ, ಬಾಡಿಗಿ ಖಾಸಗಿ ಮನಿಗಿಂತ ಕಡಿಮಿ. ಖಾಲಿ ಆದ ಮನಿಗಳನ್ನ ವಾರಕ್ಕೊಮ್ಮೆ, ಕೆಲವು ಊರಾಗ ದಿನಾ, ವೆಬ್‌ಸೈಟಿನ್ಯಾಗ ಹಾಕ್ತಾರ, ಯಾವ ಓಣಿ, ಎಷ್ಟು ಬೆಡ್‌ರೂಮು, ಬಾಡಿಗಿ ಎಷ್ಟು ಎಲ್ಲಾ ಬರದಿರ್ತಾರ, ಪಟ್ಟಿಯಾಗ ಇದ್ದವ್ರು 'ಈ ಮನಿ ನನಗ ಆಗ್ತೈತಿ' ಅಂತ ಒಂದು ಬಟನ್ ಒತ್ತೋದು, ಅಷ್ಟ ಬಿಡ್. ಫೀ ಇಲ್ಲ, ಏರಿಸೋದಿಲ್ಲ, ಇಳಿಸೋದಿಲ್ಲ. ಮೊದಲ ಒತ್ತಿದವ್ರಿಗೆ ಮನಿ ಅಂತನೂ ಅಲ್ಲ, ಅವ್ರು ಹೇಳಿದ ಗಡುವಿನೊಳಗ ಯಾವಾಗ ಒತ್ತಿದ್ರೂ ಒಂದ. ಈ ಪದ್ಧತಿ ಹುಟ್ಟಿದ್ದು ನೆದರ್ಲ್ಯಾಂಡ್ಸಿನ ಡೆಲ್ಫ್ಟ್ ಅನ್ನೋ ಊರಾಗ, 1990ರ ಸುಮಾರಿಗೆ, ಆಮ್ಯಾಲೆ ಇಂಗ್ಲೆಂಡಿಗೆ ಬಂತು. ಅದಕ್ಕೂ ಮೊದಲು ಆಫೀಸಿನವ್ರು ತಾವ ಕುಂತು ಇವ್ರಿಗೆ ಈ ಮನಿ ಅಂತ ಹಂಚ್ತಿದ್ರು.

ಹಂಗಾದ್ರ ಯಾರಿಗೆ ಸಿಗ್ತೈತಿ? ಬ್ಯಾಂಡ್ ಅಂತ ಮಾಡಿರ್ತಾರ, ಎ ಬಿ ಸಿ ಡಿ ಅಂತನೋ 1 2 3 ಅಂತನೋ, ಕೆಲವು ಕಡೆ ಅಂಕ ಕೊಡ್ತಾರ. ಯಾರ ಕಷ್ಟ ಹೆಚ್ಚೋ ಅವ್ರು ಮ್ಯಾಲಿನ ಬ್ಯಾಂಡು. 1996ರ ಹೌಸಿಂಗ್ ಆಕ್ಟ್ ಪ್ರಕಾರ ಮನಿ ಇಲ್ಲದವ್ರಿಗೆ, ಇಕ್ಕಟ್ಟಿನ ಇಲ್ಲಾ ಆರೋಗ್ಯ ಕೆಡಿಸೋ ಮನ್ಯಾಗ ಇರೋವ್ರಿಗೆ, ರೋಗ ಅಂಗವಿಕಲತೆ ಕಾರಣಕ್ಕ ಮನಿ ಬದಲಿಸಬೇಕಾದವ್ರಿಗೆ ಆದ್ಯತೆ ಕೊಡಲೇಬೇಕು. ಒಂದ ಮನಿಗೆ ಬಿಡ್ ಹಾಕಿದ ಎಲ್ಲಾರನ್ನೂ ಬ್ಯಾಂಡ್ ಪ್ರಕಾರ ನಿಲ್ಲಿಸಿ, ಒಂದ ಬ್ಯಾಂಡಿನ್ಯಾಗ ಇದ್ದವ್ರೊಳಗ ಯಾರ ತಾರೀಖು (ಅರ್ಜಿ ಹಾಕಿದ್ದೋ, ಆ ಬ್ಯಾಂಡ್ ಸಿಕ್ಕದ್ದೋ) ಹಳೇದೋ ಅವ್ರನ್ನ ಮುಂದ ಮಾಡ್ತಾರ. ಇಂಗ್ಲೆಂಡ್ ಒಂದರಾಗ ಸುಮಾರು 13 ಲಕ್ಷ ಕುಟುಂಬ ಈ ಪಟ್ಟಿಗಳಾಗ ಅದಾವ, ಅದಕ್ಕ ನಾಲ್ಕು ವರ್ಷ ಅನ್ನೋದು ಅಲ್ಲಿ ಭಾಳ ಏನಲ್ಲ. ಆದ್ರ ಒಂದು ತಿಳ್ಕೋರಿ, ಪಟ್ಟಿ ತಾನ ಮುಂದಕ್ಕ ಸರಿಯಂಗಿಲ್ಲ. ಬಿಡ್ ಹಾಕದ ಸುಮ್ನ ಕುಂತ್ರ ಹತ್ತು ವರ್ಷ ಆದ್ರೂ ಹೆಚ್ಚಿನ ಊರಾಗ ಯಾರೂ ಕರೆಯಂಗಿಲ್ಲ. ನಿಮ್ಮ ಮಗಳು ವಾರಾ ಹಾಕ್ತಾಳಲ್ಲ, ಅದು ಸರಿ ಐತಿ.

ನಾ ಅಲ್ಲಿ ಒಂಬತ್ತು ವರ್ಷ ಇದ್ದೆ, ನಮ್ಮ ಮ್ಯಾಲಿನ ಮನ್ಯಾಗ ಒಬ್ಬಾಕಿ ತಾಯಿ ಕೂಸು ಕಟ್ಕೊಂಡು ಇದ್ಲು. ಗುರುವಾರ ಬೆಳಿಗ್ಗೆ ಹೊಸಾ ಮನಿ ಬರ್ತಿದ್ವು, ಆಕಿ ಕೂಸನ್ನ ನನ್ನ ಕೈಯಾಗ ಕೊಟ್ಟು ಮೆಟ್ಟಲದ ಮ್ಯಾಲೆ ಕುಂತು ಫೋನ್ ನೋಡ್ತಿದ್ಲು, ಅಲ್ಲೇ ನೆಟ್ ಸಿಗ್ತಿತ್ತು. ಮೊದಲನೇ ಸಲ ಬಿಡ್ ಹಾಕಿದಾಗ ಪರದೆ ಮ್ಯಾಲೆ 'ನಿಮ್ಮ ಸ್ಥಾನ 4' ಅಂತ ಬಂತು, ಆಕಿ ಆ ಮನಿ ಅಡಗಿಮನಿ ಕಿಟಕಿಗೆ ಯಾವ ಪರದೆ ಅಂತ ಮಾತಾಡಾಕ ಹತ್ತಿದ್ಲು. ಸೋಮವಾರ ನೋಡಿದ್ರ 61. ಮ್ಯಾಲಿನ ಬ್ಯಾಂಡಿನವ್ರು ಒಬ್ಬೊಬ್ಬರ ಬಿಡ್ ಹಾಕಿದಂಗ ಈಕಿ ಹಿಂದ ಹಿಂದ ಹೋಗಿದ್ಲು. ಅವತ್ತು ಅತ್ತದ್ದು ನನಗ ಇನ್ನೂ ಕಣ್ಣಿಗೆ ಕಟ್ಟೈತಿ. ಗಡುವು ಮುಗಿಯೋ ತನಕ ಆ ಅಂಕಿ ನಂಬಬಾರದು. 'ತಿಳಿಯಂಗಿಲ್ಲ ಬಿಡವ್ವಾ' ಅಂತ ನಿಮ್ಮ ಮಗಳು ಅಂದದ್ದು ಸಿಟ್ಟಿನಿಂದ ಅಲ್ಲ ಅಕ್ಕಾರ, ವಾರಾ ವಾರಾ ಹಿಂಗ ನೋಡಿ ದಣದಾಳ.

ಈಗ ನಿಮ್ಮ ಪತ್ರದಾಗ ನನಗ ಬಾಳ ಮಹತ್ವದ್ದು ಅನಿಸಿದ್ದು ಹುಡುಗಿ ವಯಸ್ಸು. ಅಲ್ಲಿ ಬೆಡ್‌ರೂಮಿನ ಲೆಕ್ಕ ಹೆಚ್ಚಾಗಿ ಹಿಂಗಿರ್ತೈತಿ: ಹತ್ತು ವರ್ಷದೊಳಗಿನ ಇಬ್ರು ಮಕ್ಕಳು, ಗಂಡಾಗ್ಲಿ ಹೆಣ್ಣಾಗ್ಲಿ, ಒಂದು ರೂಮಿನ್ಯಾಗ ಇರಬಹುದು, ಒಬ್ರಿಗೆ ಹತ್ತು ತುಂಬಿದ್ರ ಅಕ್ಕ ತಮ್ಮ ಬ್ಯಾರೆ ಬ್ಯಾರೆ ರೂಮು. ಆಕಿ ಅರ್ಜಿ ಹಾಕಿದಾಗ ಹುಡುಗಿಗೆ 7, ಅಂದ್ರ ಎರಡು ಬೆಡ್‌ರೂಮಿನ ಲೆಕ್ಕ, ಒಂದು ಕಡಿಮಿ. ಈಗ 11, ಮೂರು ಬೆಡ್‌ರೂಮಿನ ಲೆಕ್ಕ, ಇರೋದು ಒಂದು, ಎರಡು ಕಡಿಮಿ ಆತು. ಎರಡು ಕಡಿಮಿ ಇದ್ದವ್ರಿಗೆ ಬಾಳ ಕೌನ್ಸಿಲ್‌ಗಳು ಮ್ಯಾಲಿನ ಬ್ಯಾಂಡ್ ಕೊಡ್ತಾವ. ಇದನ್ನ ಆಕಿ ತಿಳಿಸ್ಯಾಳೇನು ಕೇಳ್ರಿ, ಕಂಪ್ಯೂಟರ್ ತಾನ ಬದಲಿಸ್ತೈತಿ ಅಂತ ಕುಂತ್ರ ಆಗಂಗಿಲ್ಲ, ಮತ್ತ ಹೊಸಾ ಬ್ಯಾಂಡಿನ ತಾರೀಖನ್ನ ಎಷ್ಟೋ ಕಡೆ ತಿಳಿಸಿದ ದಿನದಿಂದ ಎಣಸ್ತಾರ, ಒಂದೊಂದು ತಿಂಗಳು ತಡ ಆದ್ರೂ ಅದು ಆಕಿ ಪಾಳಿಯಿಂದ ಹೋದಂಗ. ಒಂದು ತೊಡಕೂ ಐತಿ, ಮೂರು ಬೆಡ್‌ರೂಮಿನ ಮನಿ ಖಾಲಿ ಆಗೋದ ಕಡಿಮಿ. ಅದಕ್ಕ 'ಎರಡು ಬೆಡ್‌ರೂಮಿಗೂ ಬಿಡ್ ಹಾಕಬಹುದೇನು' ಅಂತ ಬರವಣಿಗಿಯಾಗ ಕೇಳ್ಲಿ, ಕೆಲವು ಕೌನ್ಸಿಲ್ ಬಿಡ್ತಾವ.

ಹುಡುಗನ ದಮ್ಮಿಗೆ ಬ್ಯಾರೆ ಮೆಡಿಕಲ್ ಫಾರ್ಮ್ ಇರ್ತೈತಿ. ಬರೇ 'ಆಸ್ತಮಾ ಐತಿ' ಅಂತ ಡಾಕ್ಟರ್ ಚೀಟಿ ಇಟ್ರ ಸಾಲಂಗಿಲ್ಲ, ಈ ಮನಿಯಿಂದ ರೋಗ ಹೆಂಗ ಹೆಚ್ಚಾಗೈತಿ, ರಾತ್ರಿ ಎಷ್ಟು ಸಲ ಎದ್ದು ಪಂಪು ತಗೋತಾನ, ಎಷ್ಟು ಸಲ ದವಾಖಾನಿಗೆ ಒಯ್ದಾರ, ಎಷ್ಟು ದಿನ ಸಾಲಿ ತಪ್ಪೈತಿ, ಇದು ಬರಬೇಕು. ಬೂಸ್ಟಿನ ಬಗ್ಗೆ ಮಾಲಕಗ ಬರದು ಕೊಡ್ಲಿ, ಆತ ಕೇಳಲಿಲ್ಲಂದ್ರ ಕೌನ್ಸಿಲ್‌ನ ಎನ್ವಿರಾನ್ಮೆಂಟಲ್ ಹೆಲ್ತ್ ವಿಭಾಗಕ್ಕ ಹೇಳಿದ್ರ ಬಂದು ಮನಿ ತಪಾಸಣಿ ಮಾಡ್ತಾರ, 2004ರ ಹೌಸಿಂಗ್ ಆಕ್ಟಿನ್ಯಾಗ ಖಾಸಗಿ ಬಾಡಿಗಿ ಮನಿಗೂ ಅದು ಐತಿ. ಅವ್ರು ಬರದ ರಿಪೋರ್ಟು ಈ ಅರ್ಜಿಗೂ ಜೋಡಿಸ್ಲಿ. ಇಷ್ಟಾದ್ರೂ ಬ್ಯಾಂಡ್ ತಪ್ಪು ಕೊಟ್ಟಾರ ಅನಿಸಿದ್ರ ರಿವ್ಯೂ, ಅಂದ್ರ ನಿರ್ಧಾರ ಮತ್ತೊಮ್ಮೆ ನೋಡ್ರಿ ಅಂತ ಕೇಳೋ ಹಕ್ಕು ಕಾನೂನಿನ್ಯಾಗ ಐತಿ, ನಮ್ಮವ್ರು ಸಂಕೋಚ ಪಟ್ಕೊಂಡು ಕೇಳಂಗಿಲ್ಲ, ಅದ ನನಗ ಹೊಟ್ಟಿ ಉರಿತೈತಿ.

ಬಿಡ್ ಹಾಕೋದ್ರಾಗೂ ಜಾಣತನ ಬೇಕು. ಎಷ್ಟೋ ಕಡೆ ವಾರಕ್ಕ ಎರಡೋ ಮೂರೋ ಅಂತ ಮಿತಿ ಇರ್ತೈತಿ, ಅದನ್ನ ವಯಸ್ಸಾದವ್ರಿಗೆ ಮಾತ್ರ ಅಂತ ಬರದ ಮನಿಗೆ ಹಾಕಿ ಹಾಳ ಮಾಡಬಾರದು. ಹಿಂದಿನ ವಾರದ ಮನಿ ಯಾವ ಬ್ಯಾಂಡಿಗೆ, ಯಾವ ತಾರೀಖಿನವ್ರಿಗೆ ಹೋದ್ವು ಅಂತ ಎಷ್ಟೋ ಕೌನ್ಸಿಲ್ ಫಲಿತಾಂಶ ಹಾಕ್ತಾವ. ಒಂದೆರಡು ತಿಂಗಳು ಅದನ್ನ ವಹಿಯಾಗ ಬರದು ಇಟ್ರ ಯಾವ ಭಾಗದಾಗ ತನ್ನ ತಾರೀಖಿನವ್ರಿಗೆ ಸಿಗಾಕ ಹತ್ತೈತಿ ಅಂತ ಗೊತ್ತಾಗ್ತೈತಿ, ಎಲ್ಲಾರೂ ಬಯಸೋ ಓಣಿ ಬಿಟ್ಟು ಅಲ್ಲಿಗೆ ಹಾಕೋದು ಲೇಸು. ಆದ್ರ ಹಾಕೋ ಮೊದಲು ಬಸ್ ಹತ್ತಿ ಹೋಗಿ ಆ ಓಣಿ ನೋಡಿ ಬರ್ಲಿ, ಯಾಕಂದ್ರ ಸಿಕ್ಕ ಮನಿ ಬ್ಯಾಡ ಅಂದ್ರ ಕೆಲವು ಕಡೆ ಬ್ಯಾಂಡ್ ಇಳಸ್ತಾರ, ಇಲ್ಲಾ ಕೆಲವು ತಿಂಗಳು ಬಿಡ್ ಬಂದ್ ಮಾಡ್ತಾರ.

ಕಡೀಗೆ ಒಂದು, ಎಷ್ಟೋ ಕಡೆ ವರ್ಷಕ್ಕೊಮ್ಮೆ ಅರ್ಜಿ ನವೀಕರಣ ಮಾಡ್ರಿ ಅಂತ ಇಮೇಲ್ ಬರ್ತೈತಿ. ನಮ್ಮ ಮ್ಯಾಲಿನ ಮನಿಯಾಕಿಗೆ ಅದು ಸ್ಪ್ಯಾಮಿನ್ಯಾಗ ಬಿದ್ದು, ಒಂದು ಗುರುವಾರ ಲಾಗಿನ್ ಆಗಾಕ ಹೋದ್ರ ಅಕೌಂಟ್ ಬಂದ್ ಆಗಿತ್ತು, ಹಳೇ ತಾರೀಖು ವಾಪಸ್ ತಗೊಳ್ಳಾಕ ಐದು ತಿಂಗಳು ಪತ್ರ ಬರದ್ವಿ. ಮಗಳಿಗೆ ಇವತ್ತ ಸ್ಪ್ಯಾಮ್ ನೋಡಾಕ ಹೇಳ್ರಿ.

ಪ್ರಶ್ನೆ: ಸರ್, ನಾನು ಗದಗಿನವ, ಮುಂದಿನ ತಿಂಗಳು ಸ್ಕಿಲ್ಡ್ ವರ್ಕರ್ ವೀಸಾದ ಮ್ಯಾಲೆ ಇಂಗ್ಲೆಂಡಿಗೆ ಹೊಂಟೇನಿ. ಹೋದ ಕೂಡ್ಲೇ ಕೌನ್ಸಿಲ್ ಪಟ್ಟಿಗೆ ಹೆಸರು ಹಚ್ಚಲೇನ್ರೀ?

ಉತ್ತರ: ಬ್ಯಾಡಪ್ಪ. ನಿನ್ನ ವೀಸಾದ ಮ್ಯಾಲೆ 'ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್', ಅಂದ್ರ ಸರಕಾರಿ ನೆರವು ಕೇಳಂಗಿಲ್ಲ ಅಂತ ಷರತ್ತು ಇರ್ತೈತಿ, ಅದಿರೋ ತನಕ ಕೌನ್ಸಿಲ್ ಮನಿಗೆ ನೀ ಅರ್ಹ ಅಲ್ಲ. ಮುಂದ ಕಾಯಂ ಪರವಾನಗಿ ಸಿಕ್ಕ ಮ್ಯಾಲೆ ನೋಡು, ಆಗೂ ಆ ಊರಾಗ ಇಷ್ಟು ವರ್ಷ ಇದ್ದಿರಬೇಕು ಅಂತ ಕೇಳ್ತಾರ, 2011ರ ಲೋಕಲಿಸಂ ಆಕ್ಟ್ ಬಂದ ಮ್ಯಾಲೆ ಒಂದೊಂದು ಕೌನ್ಸಿಲ್‌ಗೆ ಒಂದೊಂದು ನಿಯಮ. ಈಗ ಬಾಡಿಗಿ ಮನಿಗೆ ರೊಕ್ಕ ಕೂಡಿಸಿಟ್ಕೊಂಡು ಹೋಗು.

ಪ್ರಶ್ನೆ: ರಾಣೆಬೆನ್ನೂರಿನಿಂದ ಬರಿಯಾಕತ್ತೀನ್ರೀ. ನಮ್ಮಣ್ಣ ಅಲ್ಲಿಯ ನಾಗರಿಕ, ಲಂಡನ್ ಬಾಜೂಕ ಅದಾನ, ಮನಿ ಮಾಲಕ ಖಾಲಿ ಮಾಡು ಅಂತ ನೋಟೀಸ್ ಕೊಟ್ಟಾನ. ಯಾರೋ ಒಬ್ಬ 300 ಪೌಂಡ್ ಕೊಟ್ರ ಪಟ್ಟಿಯಾಗ ಮ್ಯಾಲೆ ತರ್ತೀನಿ ಅಂದಾನಂತ. ಅಣ್ಣ ಮನಿ ಬಿಟ್ಟು ಗೆಳೆಯಾನ ಕಡೆ ಹೋಗೋ ವಿಚಾರದಾಗ ಅದಾನ.

ಉತ್ತರ: ಎರಡೂ ಬ್ಯಾಡ. ರೊಕ್ಕ ತಗೊಂಡು ಪಾಳಿ ಮುಂದ ತರೋ ದಾರಿನ ಇಲ್ಲ, ಅಂವ ಮೋಸಗಾರ. ಮತ್ತ ಗಡಿಬಿಡಿಯಾಗ ಮನಿ ಬಿಟ್ರ 'ತಾನ ಮನಿ ಕಳ್ಕೊಂಡಾನ' ಅಂತ ಬರದು ಕೈ ಬಿಡಾಕ ಕೌನ್ಸಿಲ್‌ಗೆ ಕಾರಣ ಸಿಗ್ತೈತಿ, ಅವ್ರ ಸಲಹೆ ಕೇಳದ ಕೀಲಿ ಕೊಡಬಾರದು. 2017ರ ಹೋಮ್‌ಲೆಸ್‌ನೆಸ್ ರಿಡಕ್ಷನ್ ಆಕ್ಟ್ ಪ್ರಕಾರ 56 ದಿನದೊಳಗ ಮನಿ ಹೋಗೋ ಹಂಗಿದ್ರ ಕೌನ್ಸಿಲ್ ಮುಂದ ಬಂದು ಸಹಾಯ ಮಾಡಬೇಕು, ಇದು ಬಿಡ್ ಹಾಕೋ ಪಟ್ಟಿಗಿಂತ ಬ್ಯಾರೆ ಬಾಗಿಲು, ಹೋಮ್‌ಲೆಸ್‌ನೆಸ್ (ಮನಿ ಇಲ್ಲದವ್ರ) ವಿಭಾಗ ಅಂತ ಕೇಳ್ಬೇಕು. ಆ ವಿಭಾಗದ ನಿರ್ಧಾರ ಒಪ್ಪಿಗಿ ಇಲ್ಲಂದ್ರ ರಿವ್ಯೂಗೆ 21 ದಿನ ಅಷ್ಟ. ಶೆಲ್ಟರ್, ಸಿಟಿಜನ್ಸ್ ಅಡ್ವೈಸ್ ಅಂತ ಸಂಸ್ಥೆ ಅದಾವ, ಪುಕ್ಕಟೆ ಸಲಹೆ ಕೊಡ್ತಾವ, ನೋಟೀಸ್ ಸರಿ ಐತೋ ಇಲ್ಲೋ ಅಂತನೂ ನೋಡಿ ಹೇಳ್ತಾವ, ಎಷ್ಟೋ ನೋಟೀಸಿನ್ಯಾಗ ತಪ್ಪಿರ್ತಾವ. ಅಣ್ಣಗ ಇವತ್ತ ಸಂಜಿಗೆ ಫೋನ್ ಮಾಡ್ರಿ, ನೋಟೀಸ್ ಮ್ಯಾಲಿನ ತಾರೀಖು ಯಾವುದು ಅಂತ ಕೇಳ್ರಿ.